ಶಾಲೆಯ ವಾರ್ಷಿಕ ಪುಸ್ತಕ: ತರಗತಿಯೊಳಗೊಂದು ಮುದ್ರಣೋದ್ಯಮ

ನಮ್ಮ ಸದಸ್ಯರಲ್ಲಿ ವರ್ಷಕ್ಕೊಮ್ಮೆಯಾದರೂ ಯಾವುದಾದರೊಂದು ಶಾಲೆಯ ವಾರ್ಷಿಕ ಸಂಚಿಕೆಗೆ ಜಾಹೀರಾತು ಕೊಡದವರು ವಿರಳ. ‘ಶುಭಾಶಯಗಳೊಂದಿಗೆ’ ಎಂಬ ಒಂದು ಸಾಲು, ಅದರ ಕೆಳಗೆ ಅಂಗಡಿಯ ಹೆಸರು ಮತ್ತು ದೂರವಾಣಿ ಸಂಖ್ಯೆ. ಇಷ್ಟಕ್ಕೆ ಅರ್ಧ ಪುಟ. ಖಾತೆಯಲ್ಲಿ ಅದು ಜಾಹೀರಾತು ವೆಚ್ಚವೆಂದು ನಮೂದಾದರೂ ಕೊಟ್ಟವರ ಮನಸ್ಸಿನಲ್ಲಿ ಅದು ದಾನವೇ. ಸಂಚಿಕೆ ಹೊರಬಂದಿತೇ, ಎಷ್ಟು ಪ್ರತಿಗಳು ಅಚ್ಚಾದವು ಎಂದು ಕೇಳುವವರಿಲ್ಲ. ಸಂಚಿಕೆಯ ತಯಾರಿಕೆಯೂ ಬಹುಮಟ್ಟಿಗೆ ಇದೇ ಬಗೆಯದು. ಒಬ್ಬ ಅಧ್ಯಾಪಕರು ಲೇಖನಗಳನ್ನು ಕೂಡಿಸಿ ಡಿ.ಟಿ.ಪಿ. ಕೇಂದ್ರಕ್ಕೆ ಒಪ್ಪಿಸುತ್ತಾರೆ, ಸ್ಟುಡಿಯೋದವರು ವಾರ್ಷಿಕೋತ್ಸವದ ಚಿತ್ರಗಳನ್ನು ಕೊಡುತ್ತಾರೆ, ಉಳಿದುದನ್ನು ಮುದ್ರಕರು ನೋಡಿಕೊಳ್ಳುತ್ತಾರೆ. ವಿದ್ಯಾರ್ಥಿಯ ಪಾಲಿಗೆ ಬರುವುದು ಒಂದು ಕವನವೋ ಒಂದು ಗುಂಪು ಚಿತ್ರವೋ ಮಾತ್ರ.

ಇದೇ ಕೆಲಸವನ್ನು ಅಮೆರಿಕದ ಪ್ರೌಢಶಾಲೆಗಳು ಬಹುಕಾಲದಿಂದ ಬೇರೊಂದು ಬಗೆಯಲ್ಲಿ ನಡೆಸಿಕೊಂಡು ಬಂದಿವೆ. ಅಲ್ಲಿ ‘ಇಯರ್‌ಬುಕ್’ ಎಂದು ಕರೆಯಲಾಗುವ ಗಟ್ಟಿರಟ್ಟಿನ ವಾರ್ಷಿಕ ಪುಸ್ತಕದ ತಯಾರಿಕೆಯೇ ಅನೇಕ ಶಾಲೆಗಳಲ್ಲಿ ಅಂಕಗಳುಳ್ಳ ಒಂದು ಐಚ್ಛಿಕ ವಿಷಯ. ಛಾಯಾಗ್ರಹಣ, ವರದಿ, ಪುಟವಿನ್ಯಾಸ, ಜಾಹೀರಾತು ಸಂಗ್ರಹ, ಮಾರಾಟ ಎಲ್ಲವನ್ನೂ ಒಬ್ಬ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳೇ ನಿರ್ವಹಿಸುತ್ತಾರೆ. ಈ ತರಗತಿಗಳ ಹಿಂದೆ ಒಂದು ಪೂರ್ಣ ಉದ್ಯಮವೇ ಬೆಳೆದಿದೆ. 1897ರಲ್ಲಿ ಮಿನ್ನೆಸೋಟ ರಾಜ್ಯದ ಓವಟೋನಾ ಎಂಬ ಊರಿನಲ್ಲಿ ಆಭರಣ ಮತ್ತು ಗಡಿಯಾರ ದುರಸ್ತಿಯ ಅಂಗಡಿಯಾಗಿ ಆರಂಭವಾದ ಜಾಸ್ಟೆನ್ಸ್, 1937ರಲ್ಲಿ ಮಿಸೌರಿ ರಾಜ್ಯದ ವಾಲ್ಸ್‌ವರ್ತ್ ಕುಟುಂಬ ರಂಗಮಂದಿರಗಳ ಕಾರ್ಯಕ್ರಮ ಪಟ್ಟಿ ಅಚ್ಚುಹಾಕಲು ತೆರೆದ ಮುದ್ರಣಾಲಯ, ಇವೆರಡೂ ಕ್ರಮೇಣ ಶಾಲಾ ಪುಸ್ತಕಗಳ ದೊಡ್ಡ ಮುದ್ರಕ ಸಂಸ್ಥೆಗಳಾದವು.

ಲೆಕ್ಕಪರಿಶೋಧಕನ ಕಣ್ಣಿಗೆ ಈ ಪುಸ್ತಕ ಬಹು ವಿಚಿತ್ರವಾದ ಸರಕು. ಇದರ ಗ್ರಾಹಕರು ಒಂದೇ ಶಾಲೆಯವರು, ಅದೂ ಒಂದೇ ವರ್ಷದವರು. ಉಳಿದ ಪ್ರತಿಗಳನ್ನು ಮುಂದಿನ ವರ್ಷ ರಿಯಾಯಿತಿಯಲ್ಲಿ ಮಾರೋಣವೆಂದರೆ ಕೊಳ್ಳುವವರಿಲ್ಲ; ಬೇರೆ ಊರಿಗೆ ಕಳುಹಿಸೋಣವೆಂದರೆ ಅಲ್ಲಿ ಆ ಮುಖಗಳ ಪರಿಚಯವೇ ಇಲ್ಲ. ಮಾರಾಟವಾಗದ ದಾಸ್ತಾನಿನ ಮೌಲ್ಯ ಹೆಚ್ಚುಕಡಿಮೆ ಶೂನ್ಯ. ಆದರೂ ಪುಟಗಳು ಪೂರ್ತಿ ಸಿದ್ಧವಾಗುವ ಮೊದಲೇ ಪ್ರತಿಗಳ ಸಂಖ್ಯೆಯನ್ನು ಮುದ್ರಕರಿಗೆ ತಿಳಿಸಬೇಕು. ಆದ್ದರಿಂದ ಬೇಗ ಹಣ ಕಟ್ಟಿದವರಿಗೆ ಕಡಿಮೆ ಬೆಲೆ, ತಡಮಾಡಿದವರಿಗೆ ಹೆಚ್ಚಿನ ಬೆಲೆ ಎಂಬ ಕ್ರಮವನ್ನು ಅನೇಕ ಶಾಲೆಗಳು ಅನುಸರಿಸುತ್ತವೆ.

ನಮ್ಮ ರೂಪಾಯಿಯಲ್ಲಿ ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಪ್ರತಿಗಳು ಎಷ್ಟೇ ಇರಲಿ, ತಗಲುವ ಸ್ಥಿರ ವೆಚ್ಚ 80,000. ಪ್ರತಿಯೊಂದಕ್ಕೆ ಕಾಗದ, ಮುದ್ರಣ, ಬೈಂಡಿಂಗ್ ಸೇರಿ 100. 500 ಪ್ರತಿಗಳಿಗೆ ಒಟ್ಟು 1,30,000. ಬೆಲೆ 200 ಇಟ್ಟು ಎಲ್ಲವೂ ಮಾರಾಟವಾದರೆ 1,00,000 ಬರುತ್ತದೆ. ಉಳಿದ 30,000 ಜಾಹೀರಾತಿನಿಂದ ಬರಬೇಕು. 400 ಮಾತ್ರ ಮಾರಾಟವಾದರೆ ಕೊರತೆ 50,000. ವಾಣಿಜ್ಯ ಪದವಿ ತರಗತಿಯಲ್ಲಿ ‘ಬ್ರೇಕ್ ಈವನ್’ ಪಾಠವನ್ನು ಕಂಠಪಾಠ ಮಾಡಿಯೂ ಅದರ ಬಿಸಿ ತಟ್ಟದವರು ನಮ್ಮಲ್ಲಿ ಅನೇಕರಿದ್ದಾರೆ. ಹದಿನಾರರ ಹುಡುಗಿಯೊಬ್ಬಳು ಈ ಕೊರತೆಯನ್ನು ತುಂಬಲು ಪೇಟೆಯ ಅಂಗಡಿಗಳ ಮೆಟ್ಟಿಲು ಹತ್ತಿದಾಗ ಪಾಠ ತಾನಾಗಿಯೇ ತಲೆಗೆ ಹೋಗುತ್ತದೆ.

ಈ ವ್ಯವಹಾರದ ಒತ್ತಡವೇ ಅಲ್ಲಿನ ಛಾಯಾಗ್ರಹಣದ ಪಾಠವನ್ನೂ ರೂಪಿಸುತ್ತದೆ. ಪುಸ್ತಕದಲ್ಲಿ ತನ್ನ ಚಿತ್ರವಿದ್ದರೆ ವಿದ್ಯಾರ್ಥಿ ಕೊಳ್ಳುತ್ತಾನೆ. ಆದ್ದರಿಂದ ಶಾಲೆಯ ಪ್ರತಿಯೊಬ್ಬರೂ ಕನಿಷ್ಠ ಮೂರು ಕಡೆ ಕಾಣಿಸಿಕೊಳ್ಳಬೇಕೆಂಬ ಗುರಿಯನ್ನು ಎಷ್ಟೋ ಸಂಪಾದಕ ಬಳಗಗಳು ಇಟ್ಟುಕೊಳ್ಳುತ್ತವೆ. ಹಾಗೆಂದು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳಿಂದಲೇ ಪುಟ ತುಂಬಿದರೆ ಯಾರೂ ಎರಡನೆಯ ಸಲ ನೋಡುವುದಿಲ್ಲ. ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋದವನು ದೂರದಿಂದ ಇಡೀ ಅಂಗಣವನ್ನು, ಹತ್ತಿರದಿಂದ ಆಟಗಾರನ ಮುಖವನ್ನು, ಚೆಂಡು ಹಿಡಿದ ಕೈಗಳನ್ನು, ಬೆಂಚಿನ ಮೇಲೆ ಕುಳಿತವನ ನಿರಾಸೆಯನ್ನು ತರಬೇಕು. ಒಳಾಂಗಣದ ಮಂದ ಬೆಳಕಿನಲ್ಲಿ ಇದು ಸುಲಭವಲ್ಲ. ಓಟವನ್ನು ನಿಲ್ಲಿಸಿ ಹಿಡಿಯಲು ಷಟರ್ ವೇಗ ಸೆಕೆಂಡಿನ 500ನೆಯ ಒಂದು ಭಾಗದಷ್ಟಾದರೂ ಬೇಕು, ಅಷ್ಟು ವೇಗದಲ್ಲಿ ಬೆಳಕು ಸಾಲದು, ಮಸೂರದ ರಂಧ್ರವನ್ನು ಹಿಗ್ಗಿಸಿದರೆ ಫೋಕಸ್ಸಿನ ಆಳ ಕುಗ್ಗುತ್ತದೆ, ಐ.ಎಸ್.ಓ. ಏರಿಸಿದರೆ ಚಿತ್ರದಲ್ಲಿ ಕಾಳುಕಾಳು ಏಳುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಈ ಲೆಕ್ಕಾಚಾರ ವ್ಯಾಪಾರಸ್ಥರಿಗೆ ಹೊಸತೇನಲ್ಲ. ಚಿತ್ರ ತಂದ ಮೇಲೆ ಅದರಲ್ಲಿರುವವರ ಹೆಸರನ್ನು ಅಕ್ಷರ ತಪ್ಪದಂತೆ ಬರೆದುಕೊಡುವುದೂ ಛಾಯಾಗ್ರಾಹಕನ ಹೊಣೆ. ಹೆಸರು ತಪ್ಪಿದರೆ ಆ ಮನೆಯವರು ಅದನ್ನು ಜೀವಮಾನವೆಲ್ಲ ನೆನಪಿಡುತ್ತಾರೆ.

ಪುಟವಿನ್ಯಾಸದಲ್ಲಿ ಅವರು ಮೊದಲು ಕಲಿಯುವುದು ಎದುರುಬದುರಾದ ಎರಡು ಪುಟಗಳನ್ನು ಒಂದೇ ಘಟಕವೆಂದು ಕಾಣುವುದನ್ನು. ಅದರಲ್ಲಿ ಒಂದು ಚಿತ್ರ ಉಳಿದವುಗಳಿಗಿಂತ ಸ್ಪಷ್ಟವಾಗಿ ದೊಡ್ಡದಿರಬೇಕು; ಚಿತ್ರಗಳ ನಡುವಿನ ಅಂತರ ಎಲ್ಲೆಡೆ ಒಂದೇ ಸಮನಾಗಿರಬೇಕು, ಸಾಮಾನ್ಯವಾಗಿ ಒಂದು ಪೈಕಾ, ಅಂದರೆ ಇಂಚಿನ ಆರನೆಯ ಒಂದು ಭಾಗ; ಯಾರ ಮುಖವೂ ಹೊಲಿಗೆಯ ಮಡಿಕೆಯೊಳಗೆ ಹೋಗಬಾರದು; ಅಂಚಿನವರೆಗೆ ಹಬ್ಬಿದ ಚಿತ್ರವನ್ನು ಕಟಿಂಗ್‌ಗಾಗಿ ಇಂಚಿನ ಎಂಟನೆಯ ಒಂದು ಭಾಗ ಹೊರಕ್ಕೆ ಚಾಚಿಡಬೇಕು. 1985ರಲ್ಲಿ ಪೇಜ್‌ಮೇಕರ್ ಬರುವ ಮೊದಲು ಇವೆಲ್ಲ ಚೌಕುಳಿ ಕಾಗದ, ಅಳತೆಗೋಲು, ಪೆನ್ಸಿಲ್ಲಿನ ಕೆಲಸವಾಗಿದ್ದವು. 1999ರಲ್ಲಿ ಇನ್‌ಡಿಸೈನ್ ಬಂತು. ಇತ್ತೀಚಿನ ವರ್ಷಗಳಲ್ಲಿ ಮುದ್ರಕ ಸಂಸ್ಥೆಗಳೇ ಅಂತರಜಾಲದಲ್ಲಿ ಸಿದ್ಧ ಮಾದರಿಗಳನ್ನು ಒದಗಿಸುತ್ತಿವೆ. ಇದರಿಂದ ಕೆಲಸ ಹಗುರವಾಯಿತೆಂಬುದು ನಿಜ. ಪುಸ್ತಕಗಳು ಒಂದರಂತೆ ಇನ್ನೊಂದು ಕಾಣತೊಡಗಿದವೆಂಬುದೂ, ಶಾಲೆ ಒಬ್ಬನೇ ಮುದ್ರಕನ ಸಾಧನಕ್ಕೆ ಕಟ್ಟುಬೀಳುತ್ತದೆಂಬುದೂ ಅಷ್ಟೇ ನಿಜ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಅವರು ‘ಏಣಿ’ ಎಂದು ಕರೆಯುವ ಪುಟಗಳ ಪಟ್ಟಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಯಾವುದು ಯಾರದು, ಎಂದು ಮುಗಿಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಪುಸ್ತಕ ಅಚ್ಚಾಗುವುದು 16 ಪುಟಗಳ ಫಾರಂಗಳಲ್ಲಿ. ಒಂದು ಹಾಳೆಯ ಒಂದು ಬದಿಗೆ 8 ಪುಟ. ವರ್ಣಮುದ್ರಣ ದುಬಾರಿಯಾಗಿದ್ದ ಕಾಲದಲ್ಲಿ ಬಣ್ಣದ ಪುಟಗಳನ್ನೆಲ್ಲ ಹಾಳೆಯ ಒಂದೇ ಬದಿಗೆ ಬರುವಂತೆ ಯೋಜಿಸಿ ಹಣ ಉಳಿಸುವುದೂ ಏಣಿಯ ಉದ್ದೇಶವಾಗಿತ್ತು. ಪುಟಗಳು ಕಂತುಕಂತಾಗಿ ನಿಗದಿತ ದಿನಗಳಲ್ಲಿ ಮುದ್ರಕರನ್ನು ತಲುಪಬೇಕು. ಶಾಲೆ ಮುಚ್ಚುವ ಮುನ್ನ, ಮೇ ತಿಂಗಳ ಸುಮಾರಿಗೆ ಪುಸ್ತಕ ಕೈಸೇರಬೇಕಾದರೆ ವಸಂತದ ಆರಂಭದಲ್ಲೇ ಕೊನೆಯ ಪುಟ ಹೋಗಬೇಕು; ಹಾಗಾಗಿ ಬೀಳ್ಕೊಡುಗೆಯ ಚಿತ್ರಗಳು ಅದರಲ್ಲಿ ಬರಲಾರವು. ಅವೂ ಬೇಕೆಂದರೆ ಪುಸ್ತಕಕ್ಕಾಗಿ ರಜೆ ಮುಗಿಯುವವರೆಗೆ ಕಾಯಬೇಕು, ಇಲ್ಲವೇ ಪ್ರತ್ಯೇಕ ಪುರವಣಿ ತರಬೇಕು. ಯಾವುದನ್ನು ಬಿಡಬೇಕೆಂಬ ನಿರ್ಧಾರವನ್ನು ವರ್ಷದ ಆದಿಯಲ್ಲೇ ಮಾಡಿರಬೇಕಾಗುತ್ತದೆ.

ಹಣವೂ ಹೆಸರೂ ಶಾಲೆಯದಾದ ಮೇಲೆ ಪುಟದ ಮೇಲಿನ ಕೊನೆಯ ಮಾತು ಯಾರದು ಎಂಬ ಪ್ರಶ್ನೆಯೂ ಅಲ್ಲಿ ಎದ್ದಿದೆ. ಮಿಸೌರಿ ರಾಜ್ಯದ ಹೇಜಲ್‌ವುಡ್ ಎಂಬಲ್ಲಿ ಪತ್ರಿಕೋದ್ಯಮದ ತರಗತಿ ಹೊರತರುತ್ತಿದ್ದ ಪತ್ರಿಕೆಯ ಎರಡು ಪುಟಗಳನ್ನು ಪ್ರಾಂಶುಪಾಲರು 1983ರಲ್ಲಿ ತಡೆಹಿಡಿದರು. 1988ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಪಾಠಕ್ರಮದ ಅಂಗವಾದ ಪ್ರಕಟಣೆಯ ಮೇಲೆ ಶಿಕ್ಷಣದ ದೃಷ್ಟಿಯಿಂದ ಸಮಂಜಸವಾದ ನಿಯಂತ್ರಣ ಶಾಲೆಗೆ ಉಂಟೆಂದು 5–3ರ ಬಹುಮತದಿಂದ ತೀರ್ಪಿತ್ತಿತು. ಕಾನೂನಿನ ಮಾತು ಹಾಗಿರಲಿ. ಮಕ್ಕಳು ಬರೆದುದನ್ನೆಲ್ಲ ತಿದ್ದಿಬಿಡುವ ಅಧ್ಯಾಪಕರ ಕೈಯಲ್ಲಿ ಮಕ್ಕಳು ಕಲಿಯುವುದು ಅಲ್ಪವೆಂದೇ ನನ್ನ ಅಭಿಪ್ರಾಯ.

ನಮ್ಮ ಸಣ್ಣ ಉದ್ದಿಮೆದಾರರಿಗೂ ಈ ವಿದ್ಯೆಗೂ ಇರುವ ನಂಟನ್ನು ಅರಿಯಲು ನಮ್ಮದೇ ಕ್ಯಾಟಲಾಗ್‌ಗಳನ್ನು ತೆರೆದು ನೋಡಿದರೆ ಸಾಕು. ಪಂಪಿನ ಮೇಲೆ ಫ್ಲ್ಯಾಷ್ ಹೊಳೆದು ಹೆಸರಿನ ಫಲಕವೇ ಕಾಣದು. ಕಿಟಕಿಯ ಬದಿಯ ಬೆಳಕು, ಎದುರಿಗೆ ಒಂದು ಬಿಳಿ ಥರ್ಮೋಕೋಲ್ ಹಲಗೆ ಇದ್ದಿದ್ದರೆ ಆ ತೊಂದರೆ ಇರುತ್ತಿರಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ ಚಿತ್ರವನ್ನೇ ಪೂರ್ಣ ಪುಟಕ್ಕೆ ಹಿಗ್ಗಿಸಿರುತ್ತಾರೆ. ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ 8 ಇಂಚು ಅಗಲಕ್ಕೆ 2,400 ಬಿಂದುಗಳು ಬೇಕೆಂಬುದು ಸರಳ ಗುಣಾಕಾರ. ಪರದೆಯ ಮೇಲೆ ಝಗಝಗಿಸುವ ಸೀರೆಯ ಬಣ್ಣ ನಾಲ್ಕು ಶಾಯಿಗಳ ಆಫ್‌ಸೆಟ್ ಮುದ್ರಣದಲ್ಲಿ ಮಂಕಾಗುವುದುಂಟು. ಮುದ್ರಕರ ದೋಷವಲ್ಲದಿದ್ದರೂ ಜಗಳ ಅವರೊಡನೆಯೇ. ಕರಡಿಗೆ ರುಜು ಹಾಕಿದ ಮೇಲೆ ಉಳಿದ ತಪ್ಪಿನ ಖರ್ಚು ರುಜು ಹಾಕಿದವನದೆಂಬ ಮುದ್ರಣಾಲಯದ ರೂಢಿಯನ್ನು ನಮ್ಮಲ್ಲಿ ಹಲವರು ನಷ್ಟವಾದ ಬಳಿಕವೇ ತಿಳಿಯುತ್ತಾರೆ.

ಅಮೆರಿಕದ ಗಟ್ಟಿರಟ್ಟಿನ ಪುಸ್ತಕವನ್ನು ನಮ್ಮ ಶಾಲೆಗಳು ಅನುಕರಿಸಬೇಕೆಂದು ನಾನು ಹೇಳುತ್ತಿಲ್ಲ. ಅದರ ಬೆಲೆಯನ್ನು ನಮ್ಮ ಪೋಷಕರು ಕೊಡಲಾರರು. 32 ಪುಟ, ಎರಡು ಫಾರಂ, ಪಿನ್ ಹೊಡೆದ ಸಂಚಿಕೆ ಸಾಕು. ಕ್ಯಾಮರಾ ಈಗ ಮನೆಮನೆಯ ಮೊಬೈಲಿನಲ್ಲಿದೆ. ಜಾಹೀರಾತು ಕೇಳಲು ಬಂದ ಅಧ್ಯಾಪಕರನ್ನು ಮುಂದಿನ ಸಲ ನಮ್ಮ ಸದಸ್ಯರು ಮೂರು ಮಾತು ಕೇಳಬಹುದು: ಎಷ್ಟು ಪ್ರತಿ, ಯಾವ ದಿನ, ಪುಟ ಕಟ್ಟುವವರು ಯಾರು. ‘ಶುಭಾಶಯಗಳೊಂದಿಗೆ’ ಬದಲು ತಮ್ಮ ಅಂಗಡಿಯ ಒಂದು ವಸ್ತುವಿನ ಚಿತ್ರವನ್ನು ಮಕ್ಕಳೇ ಬಂದು ತೆಗೆದು, ಜಾಹೀರಾತು ರಚಿಸಿ, ಕರಡು ತೋರಿಸಲಿ ಎನ್ನಬಹುದು. ಮುದ್ರಣಾಲಯವುಳ್ಳ ಸದಸ್ಯರು ಕೆಲಸ ವಿರಳವಾದ ದಿನಗಳಲ್ಲಿ ಹತ್ತು ಮಕ್ಕಳಿಗೆ ಪ್ಲೇಟ್, ಮಡಿಕೆ, ಕಟಿಂಗ್ ತೋರಿಸಿದರೆ ಖರ್ಚು ಚಹಾದಷ್ಟೇ. ಸಂಚಿಕೆ ಹೊರಬಂದ ಮೇಲೆ ರಸೀದಿಯೊಡನೆ ಪ್ರಕಟವಾದ ಪುಟದ ಪ್ರತಿಯನ್ನೂ ಪಡೆದು ವೋಚರಿಗೆ ಲಗತ್ತಿಸಿಡಿ. ಲೆಕ್ಕಪರಿಶೋಧನೆಯ ಹೊತ್ತಿಗೆ ನಾವು ಅದನ್ನು ಕೇಳಿಯೇ ಕೇಳುತ್ತೇವೆ.