ಹಗುರ ಕಾರಿಗೆ ಎಂಥ ಬ್ರೇಕು?

ಕಾರನ್ನು ಓಡಿಸುವುದು ಎಂಜಿನ್. ಕಾರಿನಲ್ಲಿ ಕುಳಿತವರನ್ನು ಕಾಯುವುದು ಬ್ರೇಕು. ಎಂಜಿನ್ನಿನ ಗುಣಗಾನ ಮಾಡುವವರು ಬಹಳ; ಚಕ್ರದ ಮರೆಯಲ್ಲಿ ದಿನದಿನಕ್ಕೂ ಸವೆಯುವ ಬ್ರೇಕ್ ಪ್ಯಾಡನ್ನು ನೆನೆಯುವವರು ವಿರಳ.

1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರರ ಲೋಟಸ್ ಸಂಸ್ಥೆಯು ‘ಸೆವೆನ್’ ಎಂಬ ಪುಟ್ಟ ಕಾರನ್ನು ಹೊರತಂದಿತು. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾಗಿತ್ತು. ಹಾಗೆ ಕೊಂಡವರಿಗೆ, ಸಿದ್ಧ ಕಾರಿನ ಮೇಲೆ ಅಂದು ಇದ್ದ ಖರೀದಿ ತೆರಿಗೆ ಉಳಿಯುತ್ತಿತ್ತು. ಇಂತಹವೇ ‘ಕಿಟ್ ಕಾರು’ಗಳು. 1973ರಲ್ಲಿ ಆ ಮಾದರಿಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಸಂದಿತು. ಈ ಜಾತಿಯ ಕಾರುಗಳ ತೂಕ ಸುಮಾರು 500 ಕಿಲೋಗ್ರಾಂ ಮಾತ್ರ.

ಸ್ವಹಸ್ತದಿಂದ ಕಾರನ್ನು ಜೋಡಿಸಿದವನು ಪ್ಯಾಡುಗಳನ್ನು ಆರಿಸಲು ಹೊರಟಾಗ, ಅವನ ಕಣ್ಣು ಸಹಜವಾಗಿಯೇ ಪಂದ್ಯದ ಕಾರುಗಳ ಪ್ಯಾಡಿನತ್ತ ಹರಿಯುತ್ತದೆ. ಅಪಾಯವಿರುವುದೂ ಅಲ್ಲಿಯೇ.

ಬ್ರೇಕಿನ ಕೆಲಸವೆಂದರೆ ಚಲನೆಯನ್ನು ಶಾಖವಾಗಿ ಮಾರ್ಪಡಿಸುವುದು. ಕಾಲಿನಿಂದ ಒತ್ತಿದೊಡನೆ ಪ್ಯಾಡುಗಳು ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಕಡೆಯಿಂದಲೂ ಅಮುಕಿ ಹಿಡಿಯುತ್ತವೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ 1,500 ಕಿಲೋಗ್ರಾಂ ತೂಕದ ಕಾರು ನಿಲ್ಲಬೇಕಾದರೆ ಸುಮಾರು 5,80,000 ಜೂಲ್ ಶಕ್ತಿ ಕಳೆಯಬೇಕು; 500 ಕಿಲೋಗ್ರಾಂ ಕಾರಿಗೆ ಅದರ ಮೂರನೆಯ ಒಂದು ಪಾಲು ಸಾಕು.

ಕಾಯದ ಕಾವಲಿಯ ಮೇಲೆ ದೋಸೆ ಹುಯ್ದರೆ ಏನಾಗುವುದೆಂಬುದನ್ನು ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಪಂದ್ಯದ ಪ್ಯಾಡಿನ ಸ್ವಭಾವವೂ ಅಂತಹುದೇ. ನೂರಾರು ಡಿಗ್ರಿ ಶಾಖದಲ್ಲಿಯೂ ಹಿಡಿತ ಬಿಡದಂತೆ ಅದನ್ನು ತಯಾರಿಸಿರುತ್ತಾರೆ. ಆದರೆ ಅಂಥವುಗಳಲ್ಲಿ ಅನೇಕವು ಚೆನ್ನಾಗಿ ಕಾಯುವ ತನಕ ಬಿಗಿಯಾಗಿ ಹಿಡಿಯವು. ಪಂದ್ಯದಲ್ಲಿ ತಿರುವಿಗೊಮ್ಮೆ ಬ್ರೇಕು ಒತ್ತುವುದರಿಂದ ಅವು ಕಾದೇ ಇರುತ್ತವೆ. ಊರಿನ ರಸ್ತೆಯಲ್ಲಿ ಹಗುರ ಕಾರು ಅಷ್ಟು ಶಾಖವನ್ನು ಹುಟ್ಟಿಸಲಾರದು. ಮೇಲಾಗಿ ಸೆವೆನ್ ಜಾತಿಯ ಕಾರುಗಳಲ್ಲಿ ಸಾಮಾನ್ಯವಾಗಿ ಕಾಲಿನ ಬಲಕ್ಕೆ ನೆರವಾಗುವ ಸರ್ವೋ ಇಲ್ಲ. ಪ್ಯಾಡು ಹಿಡಿಯದಿದ್ದರೆ ಚಾಲಕನಿಗೆ ತನ್ನ ಕಾಲಿನ ಬಲವೊಂದೇ ಗತಿ.

ಆದುದರಿಂದ ತಣ್ಣಗಿರುವಾಗಲೇ ಕಚ್ಚಿ ಹಿಡಿಯುವ, ರಸ್ತೆಗೆಂದೇ ತಯಾರಾದ ಮೃದುವಾದ ಪ್ಯಾಡು ಲೇಸು. ಅಮೆರಿಕದ ಪದ್ಧತಿಯಂತೆ ಅನೇಕ ಪ್ಯಾಡುಗಳ ಮೇಲೆ ಎರಡು ಅಕ್ಷರಗಳನ್ನು ಮುದ್ರಿಸಿರುತ್ತಾರೆ. ಮೊದಲನೆಯದು ಸಾಧಾರಣ ಶಾಖದಲ್ಲಿ, ಎರಡನೆಯದು ಹೆಚ್ಚಿನ ಶಾಖದಲ್ಲಿ ದೊರೆಯುವ ಘರ್ಷಣೆಯನ್ನು ಸೂಚಿಸುತ್ತದೆ. ‘ಇ’ ಎಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45. ಹಗುರ ಕಾರಿನವರಿಗೆ ಮೊದಲನೆಯ ಅಕ್ಷರವೇ ಮುಖ್ಯ.

ಇನ್ನೊಂದು ಎಚ್ಚರಿಕೆಯೂ ಉಂಟು. ಬ್ರೇಕು ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರಗಳು ಹಗುರವಾಗುತ್ತವೆ. ಹಿಂದಿನ ಪ್ಯಾಡಿನ ಹಿಡಿತ ಮಿತಿಮೀರಿದರೆ ಆ ಚಕ್ರಗಳು ಮೊದಲೇ ಸ್ತಂಭಿಸಿ, ಕಾರು ಬುಗುರಿಯಂತೆ ಸುತ್ತೀತು. ಆದಕಾರಣ ಮುಂದಕ್ಕೂ ಹಿಂದಕ್ಕೂ ಹೊಂದುವ ಪ್ಯಾಡುಗಳನ್ನು ಕಾರು ತಯಾರಿಸಿದವರ ಸಲಹೆಯಂತೆಯೇ ಆರಿಸತಕ್ಕದ್ದು. ಹೊಸ ಪ್ಯಾಡು ಹಾಕಿದ ಮೇಲೆ ನಿರ್ಜನವಾದ ರಸ್ತೆಯಲ್ಲಿ ಮಿತವೇಗದಿಂದ ಹಲವು ಬಾರಿ ಮೆಲ್ಲಗೆ ಬ್ರೇಕು ಒತ್ತಿ, ನಡುನಡುವೆ ಆರಲು ಬಿಟ್ಟು, ಪ್ಯಾಡನ್ನು ತಟ್ಟೆಗೆ ಒಗ್ಗಿಸಬೇಕು.

ಮೃದುವಾದ ಪ್ಯಾಡು ಬೇಗ ಸವೆಯುವುದು ನಿಜ. ಆದರೆ ಪ್ಯಾಡು ಸವೆದರೆ ಬೇರೊಂದನ್ನು ಕೊಳ್ಳಬಹುದು. ಮುಂಜಾನೆಯ ಚಳಿಯಲ್ಲಿ ಹೊರಟ ಕಾರಿಗೆ ಮೊದಲ ತಿರುವಿನಲ್ಲಿಯೇ ಮಗುವೊಂದು ಅಡ್ಡ ಬಂದರೆ, ಬ್ರೇಕು ಕಾಯಲಿ ಎಂದು ಯಾರೂ ಕಾದು ಕೂರುವಂತಿಲ್ಲ.