ಗಾಳಿಯನ್ನು ತುರುಕಿದರೆ ಕುದುರೆಗಳು ಹೆಚ್ಚುವುವೆ?

ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡ ಊರೆಂಬುದನ್ನು ವಾಚಕರೆಲ್ಲರೂ ಬಲ್ಲರು. ನಾನು ಅಲ್ಲಿಗೆ ಹೋದದ್ದು ಬೇರೊಂದು ಕಾರಣದಿಂದ. ನನ್ನ ವಿದ್ಯಾರ್ಥಿಯೊಬ್ಬನ ಮನೆಯ ಹಿಂದೆ, ಮೆಕ್ಕೆಜೋಳದ ಚೀಲಗಳ ಪಕ್ಕದಲ್ಲಿ, ಹಳೆಯ ಕಾಂಟೆಸ್ಸಾ ಕಾರೊಂದು ಟಾರ್ಪಾಲು ಹೊದ್ದುಕೊಂಡು ನಿಂತಿದೆ. ಅವನ ತಂದೆ ಅದನ್ನು ಬಹಳ ಹಿಂದೆ ಎರಡನೆಯ ಕೈಯಿಂದ ಕೊಂಡರಂತೆ. ಹುಡುಗನ ಆಸೆ ಒಂದೇ: ಅದಕ್ಕೆ ಟರ್ಬೊ ಹಾಕಿಸಬೇಕು. ಶಿವಮೊಗ್ಗದ ಗುಜರಿಯಲ್ಲಿ ಡೀಸೆಲ್ ಗಾಡಿಯೊಂದರಿಂದ ಬಿಚ್ಚಿದ ಟರ್ಬೊ ಅಗ್ಗಕ್ಕೆ ಸಿಕ್ಕುವಂತಿದೆ, ಕೂರಿಸಿಕೊಡುವ ಮೆಕ್ಯಾನಿಕ್ಕನೂ ಇದ್ದಾನೆ. “ಸಾರ್, ಎಷ್ಟು ಕುದುರೆ ಹೆಚ್ಚುತ್ತದೆ, ಲೆಕ್ಕ ಹಾಕಿ ಹೇಳಿ” ಎಂದು ಅವನು ಕೇಳಿದನು. “ಮೇಷ್ಟ್ರೇ, ಇರುವ ಕುದುರೆ ಉಳಿಯುತ್ತವೋ ಇಲ್ಲವೋ ಅದನ್ನೂ ನೋಡಿ” ಎಂದರು ಅವನ ತಂದೆ. ಎರಡೂ ಭೌತವಿಜ್ಞಾನದ ಪ್ರಶ್ನೆಗಳೇ.

ಹುಡುಗನ ಆಸೆಗೆ ಒಂದು ವಂಶಾವಳಿಯಿದೆ. ಅಮೆರಿಕದಲ್ಲಿ 1964ರಲ್ಲಿ ಪಾಂಟಿಯಾಕ್ ಕಂಪನಿಯವರು ಮಧ್ಯಮ ಗಾತ್ರದ ಕಾರಿನೊಳಗೆ 6.4 ಲೀಟರಿನ ಎಂಜಿನ್ನನ್ನು ಕೂರಿಸಿ ಜಿ.ಟಿ.ಓ. ಎಂಬ ಹೆಸರಿನಿಂದ ಮಾರಿದರು. ಅದರ ಸಾಮರ್ಥ್ಯ 325 ಅಶ್ವಶಕ್ತಿ. ಅಂದಿನಿಂದ ಇಂಥವುಗಳಿಗೆ ಮಸಲ್ ಕಾರ್, ನಮ್ಮ ಮಾತಿನಲ್ಲಿ ಹೇಳುವುದಾದರೆ ಜಟ್ಟಿ ಕಾರು, ಎಂಬ ಹೆಸರು ರೂಢವಾಯಿತು. ಹಿಂದೂಸ್ಥಾನ್ ಮೋಟಾರ್ಸ್‌ನವರು 1984ರಿಂದ 2002ರವರೆಗೆ ಮಾಡಿದ ಕಾಂಟೆಸ್ಸಾ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಒಡಲನ್ನು ಪಡೆದಿದ್ದರೂ ಉದ್ದನೆಯ ಮೂತಿಯಿಂದ ಆ ಜಟ್ಟಿಗಳನ್ನು ನೆನಪಿಗೆ ತರುತ್ತದೆ. ಆದರೆ ಹೋಲಿಕೆ ಮೂತಿಗೇ ಮುಗಿಯಿತು. ಒಳಗಿದ್ದ ಇಸುಜು ಪೆಟ್ರೋಲ್ ಎಂಜಿನ್ನು 1.8 ಲೀಟರಿನದು, ಶಕ್ತಿ 85 ಅಶ್ವಶಕ್ತಿಯ ಆಸುಪಾಸು.

ಎಂಜಿನ್ನು ಪೆಟ್ರೋಲಿನಿಂದ ಓಡುತ್ತದೆಂದು ನಾವೆಲ್ಲರೂ ಹೇಳುತ್ತೇವೆ. ಅದು ಗಾಳಿಯಿಂದ ಓಡುತ್ತದೆಂದರೆ ಸತ್ಯಕ್ಕೆ ಇನ್ನೂ ಹತ್ತಿರವಾಗುವುದು. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚು ಸುರಿಯುವುದು ಸುಲಭ. ಗಾಳಿಯನ್ನು ಒಳಗೆ ತರುವುದೇ ಕಷ್ಟ. ಈ ಎಂಜಿನ್ನು ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳೋಣ. ನಾಲ್ಕು ಹೊಡೆತದ ಎಂಜಿನ್ನು ಎರಡು ಸುತ್ತಿಗೆ ಒಮ್ಮೆ ಉಸಿರೆಳೆಯುವುದಷ್ಟೆ. ಆದುದರಿಂದ ಸೆಕೆಂಡಿಗೆ 75 ಲೀಟರು ಗಾಳಿ ಬರಬೇಕು. ಕೊಳವೆಗಳ ಅಂಕುಡೊಂಕು, ಕವಾಟಗಳ ಅಡ್ಡಿ ಇವುಗಳಿಂದಾಗಿ ಶೇಕಡ 80ರಷ್ಟು ಮಾತ್ರ, ಎಂದರೆ 60 ಲೀಟರು, ಒಳಸೇರುತ್ತದೆಂದು ಭಾವಿಸೋಣ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಉಷ್ಣತೆಯಲ್ಲಿ, ಈ ಗಾಳಿಯ ತೂಕ 73.5 ಗ್ರಾಂ, ಅದು 5 ಗ್ರಾಂ ಪೆಟ್ರೋಲನ್ನು ಉರಿಸಬಲ್ಲುದು. ಗ್ರಾಮಿಗೆ 44 ಕಿಲೋಜೌಲ್‌ನಂತೆ 220 ಕಿಲೋವಾಟ್ ಶಾಖ ಹುಟ್ಟುತ್ತದೆ. ಇದರಲ್ಲಿ ನೂರಕ್ಕೆ 30 ಭಾಗ ಮಾತ್ರ ಕೆಲಸವಾಗಿ ಹೊರಬಂದರೆ 66 ಕಿಲೋವಾಟ್, ಅಂದರೆ 88 ಅಶ್ವಶಕ್ತಿ. ಕಂಪನಿಯವರ ಅಂಕಿಗೆ ನಮ್ಮ ಕಾಗದದ ಲೆಕ್ಕ ಇಷ್ಟು ಸಮೀಪಕ್ಕೆ ಬಂದುದನ್ನು ಕಂಡು ಹುಡುಗನಿಗೆ ನನಗಿಂತ ಹೆಚ್ಚು ಆಶ್ಚರ್ಯವಾಯಿತು.

ಆದರೆ ಈಸೂರು ಸಮುದ್ರದ ದಂಡೆಯಲ್ಲಿಲ್ಲ. ಸುಮಾರು 600 ಮೀಟರ್ ಎತ್ತರದಲ್ಲಿ, 30 ಡಿಗ್ರಿ ಬಿಸಿಲಿನಲ್ಲಿ, ಲೀಟರು ಗಾಳಿಯ ತೂಕ 1.08 ಗ್ರಾಮಿಗೆ ಇಳಿಯುತ್ತದೆ. ಅದೇ ಲೆಕ್ಕವನ್ನು ಮತ್ತೆ ಮಾಡಿದರೆ 78 ಅಶ್ವಶಕ್ತಿ ಬರುತ್ತದೆ. ಹತ್ತು ಕುದುರೆಗಳು ಯಾರೂ ಕದಿಯದೆ ಗಾಳಿಯಲ್ಲೇ ಮಾಯವಾದವು!

ವಿಮಾನದವರಿಗೆ ಈ ನಷ್ಟ ಮೊದಲು ತಿಳಿಯಿತು. 7600 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲದ ಮೇಲಿನದರ ಅರ್ಧಕ್ಕಿಂತಲೂ ಕಡಿಮೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು 1905ರಲ್ಲಿಯೇ ಒಂದು ಉಪಾಯಕ್ಕೆ ಪೇಟೆಂಟು ಪಡೆದಿದ್ದನು: ಹೊಗೆಕೊಳವೆಯಿಂದ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದ ಒಂದು ಚಕ್ರವನ್ನು ತಿರುಗಿಸುವುದು, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಅದುಮಿ ಎಂಜಿನ್ನಿಗೆ ನೂಕುವುದು. ಇದೇ ಟರ್ಬೊ. ಕರ್ನಾಟಕಕ್ಕೂ ಇದಕ್ಕೂ ಹಳೆಯ ನಂಟಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ರಿಪೇರಿಮಾಡಿ ಮತ್ತೆ ಹಾರಿಸಿದರು. ನಮ್ಮ ವಾಯುಸೇನೆ 1948ರಿಂದ 1968ರವರೆಗೆ ಅವನ್ನು ಬಳಸಿತು. ಒಂದೊಂದು ವಿಮಾನಕ್ಕೆ ನಾಲ್ಕು ಎಂಜಿನ್ನು, ನಾಲ್ಕಕ್ಕೂ ಟರ್ಬೊ. ಕಳೆದುಹೋದ ಗಾಳಿಯನ್ನು ಹಿಂದಕ್ಕೆ ತರುವುದೇ ಅಲ್ಲಿ ಅದರ ಕೆಲಸವಾಗಿತ್ತು.

ಗಾಳಿಯನ್ನು ಅದುಮಲು ಇನ್ನೊಂದು ದಾರಿ ಸೂಪರ್‌ಚಾರ್ಜರ್. ಅದನ್ನು ಎಂಜಿನ್ನಿನ ದಂಡವೇ ಬೆಲ್ಟಿನ ಮೂಲಕ ತಿರುಗಿಸುತ್ತದೆ. ಕಾಲಿಟ್ಟ ಕ್ಷಣವೇ ಗಾಳಿ ದೊರೆಯುವುದು ಅದರ ಗುಣ, ತನ್ನ ಕೂಲಿಯನ್ನು ಎಂಜಿನ್ನಿನ ಕೈಯಿಂದಲೇ ವಸೂಲುಮಾಡುವುದು ಅದರ ದೋಷ. ಟರ್ಬೊ ಬಹುಮಟ್ಟಿಗೆ ಹೊಗೆಯ ಶಕ್ತಿಯಿಂದಲೇ ಬಾಳುತ್ತದೆ. ಆದರೆ ಚಕ್ರ ವೇಗ ಪಡೆಯುವವರೆಗೆ ತುಸು ಕಾಯಬೇಕು.

ಇನ್ನು ಮುಖ್ಯವಾದ ತೊಡಕಿಗೆ ಬರೋಣ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಅದುಮಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಹಗುರ. ಒತ್ತಡವನ್ನು ಒಂದೂವರೆ ಪಟ್ಟು ಮಾಡಿದೆವೆನ್ನಿ. 30 ಡಿಗ್ರಿಯ ಗಾಳಿ, ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರದಲ್ಲಿಯೂ, 67 ಡಿಗ್ರಿಗೆ ಏರಬೇಕು. ನೂರಕ್ಕೆ 70ರಷ್ಟು ದಕ್ಷತೆಯುಳ್ಳ ನಿಜವಾದ ಯಂತ್ರದಲ್ಲಿ ಅದು 83 ಡಿಗ್ರಿಯಾಗುತ್ತದೆ. ಈ ಬಿಸಿಯಿಂದಾಗಿ ಗಾಳಿಯ ತೂಕ ಹೆಚ್ಚುವುದು ಶೇಕಡ 50 ಅಲ್ಲ, 28 ಮಾತ್ರ. ನಡುವೆ ಇಂಟರ್‌ಕೂಲರನ್ನು ಇಟ್ಟು ಗಾಳಿಯನ್ನು 50 ಡಿಗ್ರಿಗೆ ತಣಿಸಿದರೆ ಹೆಚ್ಚಳ ಶೇಕಡ 40ಕ್ಕೆ ಏರುತ್ತದೆ. ಗುಜರಿಯ ಟರ್ಬೊಗಿಂತ ಮುಂದೆ ನಿಲ್ಲಿಸುವ ಅಲ್ಯೂಮಿನಿಯಂ ರೇಡಿಯೇಟರೇ ಬೆಲೆಬಾಳುವ ಸಾಮಾನು ಎಂದು ನಾನು ಹೇಳಿದಾಗ ಹುಡುಗನು ಅದನ್ನು ಪಟ್ಟಿಯಲ್ಲಿ ಬರೆದುಕೊಂಡನು. ಪಟ್ಟಿ ಅಲ್ಲಿಂದ ಬೆಳೆಯತೊಡಗಿತು.

ಒಳಬರುವ ಗಾಳಿಯ ಬಿಸಿ ಸಿಲಿಂಡರಿನೊಳಗೆ ಇನ್ನೂ ದೊಡ್ಡದಾಗುತ್ತದೆ. ಪಿಸ್ಟನ್ನು ಮಿಶ್ರಣವನ್ನು ಎಂಟೂವರೆ ಪಟ್ಟು ಕುಗ್ಗಿಸುವ ಎಂಜಿನ್ನಿನಲ್ಲಿ ನಿರಪೇಕ್ಷ ಉಷ್ಣತೆ ಇಮ್ಮಡಿಗಿಂತ ತುಸು ಹೆಚ್ಚಾಗುವುದರಿಂದ, ಹೊರಗಿನ 53 ಡಿಗ್ರಿಯ ಹೆಚ್ಚಳ ಒಳಗೆ 110 ಡಿಗ್ರಿಯಾಗುತ್ತದೆ. ಆಗ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡು ಒಮ್ಮೆಗೇ ಸಿಡಿಯಬಹುದು. ಇದೇ ನಾಕಿಂಗ್. ಸುತ್ತಿಗೆಯಿಂದ ಬಡಿದಂಥ ಆ ಸದ್ದು ಮುಂದುವರಿದರೆ ಪಿಸ್ಟನ್ನಿನ ತಲೆಗೆ ಅಂಟಿಕೊಂಡಿರುವ ತೆಳು ಅನಿಲದ ಪದರ ಹರಿದುಹೋಗಿ, ಜ್ವಾಲೆಯ ಬಿಸಿ ನೇರವಾಗಿ ಲೋಹವನ್ನು ಮುಟ್ಟುತ್ತದೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಪಿಸ್ಟನ್ನಿನ ಮಿಶ್ರಲೋಹ ಅದಕ್ಕೂ ಮೊದಲೇ. ತಂದೆಯವರ ಪ್ರಶ್ನೆಗೆ ಇದೇ ಉತ್ತರ.

ಓಲ್ಡ್ಸ್‌ಮೊಬೀಲ್ ಕಂಪನಿಯವರು 1962ರಲ್ಲಿ ಜೆಟ್‌ಫಯರ್ ಎಂಬ ಟರ್ಬೊ ಕಾರನ್ನು ಮಾರುಕಟ್ಟೆಗೆ ತಂದಾಗ ಈ ಕಾಟವನ್ನು ತಪ್ಪಿಸಲು ವಿಚಿತ್ರವಾದ ಉಪಾಯವೊಂದನ್ನು ಹೂಡಿದರು. ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ತೊಟ್ಟಿಯಲ್ಲಿ ತುಂಬಿ, ಒತ್ತಡ ಏರಿದಾಗ ಅದು ಒಳಗೆ ಸಿಂಪಡಿಸುವಂತೆ ಮಾಡಿದರು. ದ್ರವ ಆವಿಯಾಗುತ್ತ ಮಿಶ್ರಣವನ್ನು ತಣಿಸುತ್ತಿತ್ತು. 3.5 ಲೀಟರಿನ ಎಂಜಿನ್ನು 215 ಅಶ್ವಶಕ್ತಿ ಕೊಟ್ಟಿತು. ವಿಜ್ಞಾನ ಸರಿಯಾಗಿತ್ತು, ಕೊಂಡವರು ತೊಟ್ಟಿ ತುಂಬಿಸುವುದನ್ನು ಮರೆತರು. ಕಾರು 1963ಕ್ಕೇ ನಿಂತುಹೋಯಿತು, ಎಷ್ಟೋ ಮಂದಿ ಟರ್ಬೊವನ್ನು ಬಿಚ್ಚಿಸಿ ಸಾಮಾನ್ಯ ಕಾರ್ಬುರೇಟರು ಹಾಕಿಸಿಕೊಂಡರು. ಇಂದು ನಮ್ಮ ಬಂಕುಗಳಲ್ಲಿ ದೊರೆಯುವ, ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲಿಗೂ ಇಂಥ ತಣಿಸುವ ಗುಣ ಸ್ವಲ್ಪಮಟ್ಟಿಗಿದೆ. ಈಸೂರಿನ ಕೊಟ್ಟಿಗೆಯಲ್ಲಿದ್ದ ಮೆಕ್ಕೆಜೋಳವೂ ಎಥನಾಲಿಗೆ ಕಚ್ಚಾವಸ್ತುವೇ! ಆದರೆ ಈ ಪೆಟ್ರೋಲಿಗೆ ಬೇಕಾಗುವ ಗಾಳಿ 14.7ರ ಬದಲು 13.5ರಷ್ಟು. ಹಳೆಯ ಕಾರ್ಬುರೇಟರಿಗೆ ಇದು ತಿಳಿಯದು. ಅದು ಹಿಂದಿನ ಅಳತೆಯಲ್ಲೇ ಸುರಿದು ಮಿಶ್ರಣವನ್ನು ಬಡವಾಗಿಸುತ್ತದೆ. ಹಳೆಯ ರಬ್ಬರು ಕೊಳವೆಗಳನ್ನೂ ಎಥನಾಲು ಕೆಡಿಸುತ್ತದೆ.

ಗಾಳಿ ಶೇಕಡ 40 ಹೆಚ್ಚಿದರೆ ಪೆಟ್ರೋಲೂ ಅಷ್ಟೇ ಹೆಚ್ಚಬೇಕು. ಟರ್ಬೊವಿನಿಂದ ಬಂದ ಗಾಳಿಯನ್ನು ಕಾರ್ಬುರೇಟರಿನ ಬಾಯಿಗೆ ಊದಿದರೆ, ಒಳಗಿನ ಪೆಟ್ರೋಲಿನ ಬಟ್ಟಲಿನ ಮೇಲೂ ಅದೇ ಒತ್ತಡ ಬೀಳುವಂತೆ ಮಾಡಬೇಕು, ಪಂಪು ಆ ಒತ್ತಡವನ್ನು ಮೀರಿ ಪೆಟ್ರೋಲನ್ನು ನೂಕಬೇಕು. ಇಲ್ಲವಾದರೆ ಬೇಕಾದ ಹೊತ್ತಿನಲ್ಲಿಯೇ ಪೆಟ್ರೋಲು ಬತ್ತುತ್ತದೆ. ಆ ಗುಜರಿ ಟರ್ಬೊವಿನ ಕಥೆಯೂ ಇಷ್ಟೆ. ಡೀಸೆಲ್ ಎಂಜಿನ್ನಿನ ಹೊಗೆ ಸಾಮಾನ್ಯವಾಗಿ 700 ಡಿಗ್ರಿಯನ್ನು ಹೆಚ್ಚು ದಾಟುವುದಿಲ್ಲ. ಪೂರ್ಣ ಹೊರೆಯಲ್ಲಿರುವ ಪೆಟ್ರೋಲ್ ಎಂಜಿನ್ನಿನದು 900 ಡಿಗ್ರಿಯನ್ನು ಮುಟ್ಟುತ್ತದೆ. ಡೀಸೆಲಿಗೆಂದು ಮಾಡಿದ ಚಕ್ರ, ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತಿರುವಾಗ, ಆ ಬಿಸಿಯನ್ನು ತಡೆದೀತೆಂದು ನಾನಂತೂ ಹೇಳಲಾರೆ.

ಹಾಗಾದರೆ ಟರ್ಬೊ ಕೆಟ್ಟದ್ದೆ? ಖಂಡಿತ ಅಲ್ಲ. ಮೊದಲಿನಿಂದಲೂ ಅದಕ್ಕಾಗಿಯೇ ರಚಿಸಿದ ಎಂಜಿನ್ನಿನಲ್ಲಿ ಅದರ ಉಪಕಾರ ನಮ್ಮ ಕಣ್ಣಮುಂದಿದೆ. ಬಿಡದಿಯ ಕಾರ್ಖಾನೆಯಲ್ಲಿ 2000ದಿಂದ ತಯಾರಾದ ಕ್ವಾಲಿಸ್ ವಾಹನದ 2.4 ಲೀಟರಿನ ಡೀಸೆಲ್ ಎಂಜಿನ್ನಿಗೆ ಟರ್ಬೊ ಇರಲಿಲ್ಲ, ಶಕ್ತಿ 75 ಅಶ್ವಶಕ್ತಿ. ಅದೇ ಕಾರ್ಖಾನೆಯಿಂದ 2005ರಲ್ಲಿ ಬಂದ ಇನ್ನೋವಾದ 2.5 ಲೀಟರಿನ ಎಂಜಿನ್ನು ಟರ್ಬೊ ಮತ್ತು ಹೊಸ ಬಗೆಯ ಇಂಧನ ಸಿಂಪಡಣೆ ಎರಡನ್ನೂ ಪಡೆದು 102ಕ್ಕೆ ಏರಿತು. ಮಲೆನಾಡಿನ ಘಟ್ಟಗಳಲ್ಲಿ ಎರಡನ್ನೂ ಓಡಿಸಿದ ಚಾಲಕರಿಗೆ ಈ ಅಂಕಿಗಳನ್ನು ಯಾರೂ ಹೇಳಬೇಕಾಗಿಲ್ಲ. ಡೀಸೆಲ್ ಎಂಜಿನ್ನು ಗಾಳಿಯನ್ನು ಮಾತ್ರ ಅದುಮುವುದರಿಂದ ಅಲ್ಲಿ ನಾಕಿಂಗಿನ ಈ ಭಯವಿಲ್ಲ. ನಮ್ಮ ಹಳ್ಳಿಗಳಲ್ಲಿ ಟ್ರಾಕ್ಟರಿನ ಪಂಪನ್ನು ತಿರುವಿ ಡೀಸೆಲು ಹೆಚ್ಚಿಸಿಕೊಳ್ಳುವವರಿದ್ದಾರೆ. ಗಾಳಿ ಹೆಚ್ಚಿಸದೆ ಡೀಸೆಲು ಹೆಚ್ಚಿಸಿದುದಕ್ಕೆ ಸಾಕ್ಷಿ ಆ ಕಪ್ಪು ಹೊಗೆ. ಅದು ಕೊಂಡ ಡೀಸೆಲೇ, ಉರಿಯದೆ ಹೋದದ್ದು.

ಈಗ ನಾಲ್ವತ್ತು ಭಾಗ ಶಕ್ತಿ ಹೆಚ್ಚಿತೆಂದೇ ಭಾವಿಸೋಣ. ವೇಗವೂ ನಾಲ್ವತ್ತು ಭಾಗ ಹೆಚ್ಚುವುದೆಂದು ಹುಡುಗನು ನಂಬಿದ್ದನು. ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ ಗರಿಷ್ಠ ವೇಗ ಹೆಚ್ಚುವುದು ಶೇಕಡ 12 ಮಾತ್ರ. ಏರು ಹತ್ತುವಾಗ, ಲಾರಿಯನ್ನು ಹಿಂದೆ ಹಾಕುವಾಗ ಪೂರ್ಣ ಲಾಭ ಉಂಟು, ನಿಜ. ಆದರೆ ಬ್ರೇಕಿನ ಲೆಕ್ಕ ವರ್ಗದ್ದು. 1200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 60 ಕಿಲೋಮೀಟರಿನಲ್ಲಿ 167 ಕಿಲೋಜೌಲ್ ಹೊತ್ತಿದ್ದರೆ 100ರಲ್ಲಿ 463 ಹೊತ್ತಿರುತ್ತದೆ. ಚಾಲಕನು ಎಚ್ಚರಗೊಳ್ಳಲು ಒಂದು ಸೆಕೆಂಡು ಹಿಡಿದರೆ, ಒಳ್ಳೆಯ ಬ್ರೇಕಿದ್ದರೂ 60ರ ವೇಗದಲ್ಲಿ ನಿಲ್ಲಲು 40 ಮೀಟರು, 100ರ ವೇಗದಲ್ಲಿ 92 ಮೀಟರು ಬೇಕು. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಜೋಳ ಒಣಹಾಕಿರುವ, ಸಂಜೆಯಾದರೆ ಹಿಂದೀಪವಿಲ್ಲದ ಟ್ರೈಲರುಗಳು ಎದುರಾಗುವ ಊರದಾರಿಯಲ್ಲಿ 92 ಮೀಟರು ಎಲ್ಲಿದೆಯೆಂದು ನಾವಿಬ್ಬರೂ ನಡೆದು ನೋಡಿದೆವು. ಎರಡು ತಿರುವುಗಳ ನಡುವೆ ಒಂದು ಕಡೆ ಸಿಕ್ಕಿತು.

ಕಾನೂನಿನ ಮಾತೂ ಇದೆ. ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು.

ಕೊನೆಗೆ ನಾನು ಕೊಟ್ಟ ಸಲಹೆ ಹುಡುಗನಿಗೆ ಸಪ್ಪೆಯೆನಿಸಿರಬೇಕು: ಮೊದಲು ಹಳೆಯ 78 ಕುದುರೆಗಳು ಲಾಯದಲ್ಲಿವೆಯೇ ನೋಡು. ಶಿಕಾರಿಪುರದಿಂದ ಒತ್ತಡಮಾಪಕವೊಂದನ್ನು ತಂದು ಪ್ಲಗ್ಗಿನ ರಂಧ್ರಗಳಿಗೆ ಒಂದೊಂದಾಗಿ ಹಿಡಿದೆವು. ಮೂರು ಸಿಲಿಂಡರುಗಳು ಒಂದೇ ಸಮನಾಗಿದ್ದವು, ಮೂರನೆಯದರಲ್ಲಿ ಮುಳ್ಳು ಅರ್ಧಕ್ಕೇ ನಿಂತಿತು. ಎರಡು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರೂ ಏರಲಿಲ್ಲ. ಎಣ್ಣೆಯಿಂದ ಏರಿದ್ದರೆ ರಿಂಗುಗಳು ಸವೆದಿವೆಯೆಂದು ಅರ್ಥ. ಏರದಿದ್ದುದರಿಂದ ಸೋರುತ್ತಿರುವುದು ಕವಾಟವೆಂದು ಹುಡುಗನೇ ತರ್ಕಿಸಿದನು. ಮುಂದಿನ ವಾರ ಹೆಡ್ ಬಿಚ್ಚಿ ವಾಲ್ವ್ ಗ್ರೈಂಡಿಂಗ್ ಮಾಡಿಸಿದರು, ಬ್ರೇಕಿನ ಕೊಳವೆಗಳನ್ನೂ ಪೆಟ್ರೋಲಿನ ರಬ್ಬರುಗಳನ್ನೂ ಬದಲಾಯಿಸಿದರು, ಕಾರ್ಬುರೇಟರಿಗೆ ತುಸು ದೊಡ್ಡ ಜೆಟ್ಟು ಬಿತ್ತು. ಕಾರು ಈಗ ಅಂಬಾರಗೊಪ್ಪದ ಕಡೆಯ ಏರನ್ನು ಗೇರು ಇಳಿಸದೆ ಹತ್ತುತ್ತದಂತೆ. ಇಂಟರ್‌ಕೂಲರಿನ ಪಟ್ಟಿ ಇನ್ನೂ ಅವನ ನೋಟುಪುಸ್ತಕದಲ್ಲಿದೆ, ಅದನ್ನು ಅವನು ಹರಿದುಹಾಕಿಲ್ಲ.