ನಾಲ್ಕು ಫೋಟೋ, ಒಂದು ಬ್ಯಾನರ್

ಹಿಂದೆ ಅಂಗಡಿಗೆ ಬೋರ್ಡು ಬರೆಸಬೇಕೆಂದರೆ ಪೇಂಟರನ್ನು ಕರೆಸಿ, ಏಣಿ ಹಾಕಿಸಿ, ಅಕ್ಷರ ನೆಟ್ಟಗಿದೆಯೇ ಎಂದು ರಸ್ತೆಯ ಆಚೆ ನಿಂತು ನೋಡುತ್ತಿದ್ದೆವು. ಈಗ ಎಷ್ಟೋ ಗಿರಾಕಿಗಳು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ವೆಬ್‌ಸೈಟ್ ನೋಡಿರುತ್ತಾರೆ. ಅದರ ಮೇಲ್ಭಾಗದ ಅಗಲವಾದ ಚಿತ್ರಪಟ್ಟಿಗೆ ಬ್ಯಾನರ್ ಎನ್ನುತ್ತಾರೆ. ಅದನ್ನು ಮನೆಯಲ್ಲೇ ಮಾಡಲು ಹೋಗಿ ನಾವು ಕಲಿತದ್ದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮದು ಹೊಸೂರಿನಲ್ಲಿ ಕಿರಾಣಿ ಅಂಗಡಿ, ಕೃಷ್ಣಗಿರಿಯಲ್ಲಿ ಮಾವಿನ ಮಂಡಿ. ನಡುವೆ ಸುಮಾರು 50 ಕಿಲೋಮೀಟರ್ ದಾರಿ. ಬ್ಯಾನರಿಗೆಂದು ನಾಲ್ಕು ಫೋಟೋ ಆರಿಸಿದೆವು: ಅಜ್ಜ ಗಲ್ಲಾದ ಮುಂದೆ ಕುಳಿತ ಕಪ್ಪು-ಬಿಳುಪು ಚಿತ್ರ, ಬೆಳಗಿನ ಹೊತ್ತಿನ ಚಂದ್ರಚೂಡೇಶ್ವರ ಬೆಟ್ಟ, ಈಗಿನ ಅಂಗಡಿ, ತೋತಾಪುರಿ ಮಾವಿನ ಕ್ರೇಟುಗಳನ್ನು ಪೇರಿಸಿದ ಮಂಡಿಯ ಅಂಗಳ. ಪಕ್ಕಪಕ್ಕ ಇಟ್ಟರೆ ಗೋಡೆಗೆ ಅಂಟಿಸಿದ ಪೋಸ್ಟರುಗಳಂತೆ ಕಂಡವು. ಒಂದು ಇನ್ನೊಂದರೊಳಗೆ ಕರಗಬೇಕಿತ್ತು.

ಇದು ಹೊಸ ವಿದ್ಯೆಯೇನಲ್ಲ. 1857ರಲ್ಲೇ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಎಂಬ ಛಾಯಾಗ್ರಾಹಕ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ದ. ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ತೀರಿಕೊಂಡ ಹಿರಿಯರ ಚಿತ್ರವನ್ನು ಮನೆಮಂದಿಯ ಚಿತ್ರದೊಡನೆ ಕೂಡಿಸಿ ಕೊಡುತ್ತಿದ್ದರು. 1990ರಲ್ಲಿ ಫೋಟೋಶಾಪ್ ಬಂತು. 1994ರಲ್ಲಿ ಅದಕ್ಕೆ ‘ಲೇಯರ್’ ಸೇರಿದ ಮೇಲೆ ಈ ಕೆಲಸ ಬಹಳ ಸುಲಭವಾಯಿತು. ಉಚಿತವಾಗಿ ಸಿಗುವ ಗಿಂಪ್‌ನಲ್ಲೂ ಇದೇ ಸೌಲಭ್ಯವಿದೆ.

ಕ್ರಮ ಹೀಗೆ. 1920 ಪಿಕ್ಸೆಲ್ ಅಗಲ, 600 ಪಿಕ್ಸೆಲ್ ಎತ್ತರದ ಖಾಲಿ ಹಾಳೆ ತೆರೆಯಿರಿ. ಪ್ರತಿ ಫೋಟೋವನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಇಡಿ. ಅಂಚುಗಳು 150ರಿಂದ 200 ಪಿಕ್ಸೆಲ್‌ನಷ್ಟು ಒಂದರ ಮೇಲೊಂದು ಬರಲಿ. ಮೇಲಿನ ಲೇಯರ್‌ಗೆ ‘ಮಾಸ್ಕ್’ ಹಾಕಿ, ಅಂಚಿನ ಮೇಲೆ ಕಪ್ಪಿನಿಂದ ಬಿಳುಪಿಗೆ ತಿರುಗುವ ಗ್ರೇಡಿಯೆಂಟ್ ಎಳೆಯಿರಿ. ಮಾಸ್ಕ್‌ನಲ್ಲಿ ಬಿಳುಪಿದ್ದ ಕಡೆ ಚಿತ್ರ ಕಾಣುತ್ತದೆ, ಕಪ್ಪಿದ್ದ ಕಡೆ ಮರೆಯಾಗುತ್ತದೆ, ಬೂದು ಬಣ್ಣವಿದ್ದ ಕಡೆ ಅರೆಬರೆ ಕಾಣುತ್ತದೆ. ರಬ್ಬರಿನಿಂದ ಅಳಿಸಲು ಹೋಗಬೇಡಿ. ಫೈಲನ್ನು ಮುಚ್ಚಿದ ಮೇಲೆ ಅಳಿಸಿದ್ದು ಮರಳಿ ಬಾರದು. ಮಾಸ್ಕ್ ಎಂದರೆ ಕಚ್ಚಾ ಪುಸ್ತಕದ ಪೆನ್ಸಿಲ್ ಲೆಕ್ಕ, ಯಾವಾಗ ಬೇಕಾದರೂ ತಿದ್ದಬಹುದು.

ಕೂಡುವ ಜಾಗ ಆಕಾಶವೋ ಖಾಲಿ ಗೋಡೆಯೋ ಆಗಿರಲಿ; ಮುಖದ ಮೇಲೆ ಎಂದೂ ಬೇಡ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರ ಹಸಿರು ಛಾಯೆಗೆ ತಿರುಗಿರಬಹುದು, ಬೆಳಗಿನದು ಹೊಂಬಣ್ಣಕ್ಕೆ. ಪ್ರತಿ ಚಿತ್ರದಲ್ಲೂ ಒಂದು ಬಿಳಿ ವಸ್ತುವನ್ನು ಹುಡುಕಿ, ಎಲ್ಲ ಬಿಳುಪೂ ಒಂದೇ ಆಗುವಂತೆ ಬಣ್ಣ ಸರಿಪಡಿಸಿ. ನೆರಳು ಹೊಂದಲೆಂದು ಚಿತ್ರವನ್ನು ಎಡಬಲ ಮಗುಚಿದರೆ ಬೋರ್ಡಿನ ಅಕ್ಷರ ಉಲ್ಟಾ ಆದೀತು, ಜೋಕೆ. ಮೊಬೈಲಿನಲ್ಲಿ ಎಷ್ಟೋ ವೆಬ್‌ಸೈಟುಗಳ ಬ್ಯಾನರಿನ ಎರಡೂ ತುದಿ ಕತ್ತರಿಸಿಹೋಗುತ್ತದೆ. ಮುಖ್ಯವಾದದ್ದನ್ನು ನಡುವೆ ಇಡಿ.

ನಮ್ಮ ಬ್ಯಾನರ್ ಚೆನ್ನಾಗಿ ಬಂತು. ಬಹಳ ಚೆನ್ನಾಗಿ ಬಂದದ್ದೇ ತಪ್ಪಾಯಿತು. ಅಂಗಡಿಯ ಗೋಡೆ ಮಂಡಿಯ ಅಂಗಳದೊಳಗೆ ಎಷ್ಟು ನಯವಾಗಿ ಕರಗಿತ್ತೆಂದರೆ ಅಂಗಡಿಯ ಹಿಂದೆಯೇ ದೊಡ್ಡ ಗೋದಾಮು ಇರುವಂತೆ ಕಂಡಿತು. ಬೆಂಗಳೂರಿನಿಂದ ಒಬ್ಬ ವ್ಯಾಪಾರಿ ಬಂದರು. “ಸೇಟ್ರೇ, ಹಿಂದಿನ ಗೋದಾಮು ತೋರಿಸಿ” ಎಂದರು. ಅದು ಕೃಷ್ಣಗಿರಿಯಲ್ಲಿದೆ ಎಂದೆವು. “ಚಿತ್ರದಲ್ಲಿ ಒಂದೇ ಕಟ್ಟಡ ಇತ್ತಲ್ಲ?” ಎಂದು ಕೇಳಿ, ಟೀ ಕುಡಿದು, ಆರ್ಡರ್ ಕೊಡದೆ ಎದ್ದು ಹೋದರು.

ಅಂದು ರಾತ್ರಿ ದೊಡ್ಡಪ್ಪ ತತ್ತ್ವಾರ್ಥಸೂತ್ರವನ್ನು ನೆನಪಿಸಿದರು. ಅಚೌರ್ಯ ಅಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ, ಅಂದರೆ ಒಂದನ್ನು ಇನ್ನೊಂದರಂತೆ ತೋರಿಸಿ ಮಾರುವುದು. “ತಕ್ಕಡಿಯಲ್ಲಿ ಮಾಡದ್ದನ್ನು ಚಿತ್ರದಲ್ಲಿ ಮಾಡಿಬಿಟ್ಟಿರಲ್ಲಪ್ಪಾ” ಎಂದರು. ನಾವು ಬೇಕೆಂದು ಮಾಡಿದ್ದಲ್ಲ. ಆದರೆ ನೋಡುವವರಿಗೆ ನಮ್ಮ ಮನಸ್ಸು ಕಾಣುವುದಿಲ್ಲ, ಚಿತ್ರ ಮಾತ್ರ ಕಾಣುತ್ತದೆ.

ಮಾಸ್ಕ್ ಉಳಿಸಿಕೊಂಡಿದ್ದರಿಂದ ತಿದ್ದಲು ಅರ್ಧ ಗಂಟೆ ಸಾಕಾಯಿತು. ಅಂಗಡಿಗೂ ಮಂಡಿಗೂ ನಡುವೆ ಬೆಟ್ಟದ ಚಿತ್ರ ತಂದೆವು. ಬೆಸುಗೆ ಈಗಲೂ ಕಾಣದು, ಆದರೆ ಎರಡು ಕಟ್ಟಡ ಒಂದಾಗಿ ಕಾಣುವುದಿಲ್ಲ. ಕೆಳಗೆ ‘ಹೊಸೂರು ಅಂಗಡಿ’, ‘ಕೃಷ್ಣಗಿರಿ ಮಂಡಿ’ ಎಂದು ಕನ್ನಡ, ತಮಿಳು ಎರಡರಲ್ಲೂ ಬರೆದೆವು.

ಆ ವ್ಯಾಪಾರಿ ಮತ್ತೆ ಬರಲಿಲ್ಲ. ಈಗ ಫೋನ್ ಮಾಡುವವರು ಮಾತ್ರ ಮೊದಲೇ ಕೇಳುತ್ತಾರೆ: “ಮಂಡಿಗೆ ಬರಬೇಕಾ, ಅಂಗಡಿಗೆ ಬರಬೇಕಾ?”